ರಾತ್ರಿ ಎರಡು ಗಂಟೆಗೆ ದಿಂಬಿನಡಿ ಹೋಗುವ ಕೈ: ಕೊರೊನಾ ಕಾಲದ ಮೊಬೈಲ್ ಅಭ್ಯಾಸ ಬಿಡಿಸಿಕೊಳ್ಳುವುದು ಹೀಗೆ

2021ರ ಏಪ್ರಿಲ್ ಕೊನೆ. ನಮ್ಮ ಚಿಕ್ಕಪ್ಪನಿಗೆ ಉಸಿರಾಡೋದು ಕಷ್ಟ ಆಗಿತ್ತು. ಬೆರಳಿಗೆ ಹಾಕಿದ ಆಕ್ಸಿಮೀಟರಿನಲ್ಲಿ ಆಕ್ಸಿಜನ್ ಮಟ್ಟ 86ಕ್ಕೆ ಇಳಿದಿತ್ತು. ಬೆಂಗಳೂರಲ್ಲಿ ಎಲ್ಲೂ ಬೆಡ್ ಇಲ್ಲ. ಬಿಯು ನಂಬರ್ (ಬೆಂಗಳೂರಲ್ಲಿ ಕೋವಿಡ್ ರೋಗಿಗೆ ಕೊಡುತ್ತಿದ್ದ ಸಂಖ್ಯೆ) ಬಂತಾ, ಎಸ್‌ಆರ್‌ಎಫ್ ಐಡಿ (ಕೋವಿಡ್ ಪರೀಕ್ಷೆಯ ನಂಬರ್) ಯಾರ ಹತ್ತಿರ ಇದೆ, ಸಿಲಿಂಡರ್ ತುಂಬಿಸಿಕೊಡುವವರ ಫೋನ್ ನಂಬರ್ ಸಿಕ್ಕಿತಾ ಅಂತ ಕೇಳಿಕೊಳ್ಳೋಕೆ ಮನೆಯ ಹನ್ನೊಂದು ಜನ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿಕೊಂಡೆವು. ಅದರ ಹೆಸರು "ಚಿಕ್ಕಪ್ಪ ಬೆಡ್". ಎರಡನೇ ದಿನ ರಾತ್ರಿ 2 ಗಂಟೆ 10 ನಿಮಿಷಕ್ಕೆ ನನ್ನ ತಮ್ಮ ಒಂದು ಆಸ್ಪತ್ರೆಯ ಹೆಸರು ಹಾಕಿ "ಒಂದು ಖಾಲಿ ಆಗಿದೆ, ಈಗಲೇ ಹೊರಡಿ" ಅಂದ. ನಾನು ಎಚ್ಚರ ಇದ್ದೆ. ಅದಕ್ಕೇ ಹೊರಟೆವು. ಚಿಕ್ಕಪ್ಪ ಹದಿನೆಂಟು ದಿನ ಆದ ಮೇಲೆ ಮನೆಗೆ ಬಂದರು.

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತು ಪರಿಸ್ಥಿತಿ ಮುಗಿಯಿತು ಅಂತ ಘೋಷಿಸಿತು. ನನ್ನ ಕೈಗೆ ಮಾತ್ರ ಆ ಸುದ್ದಿ ಮುಟ್ಟಲಿಲ್ಲ. ಅದಾದ ಮೇಲೂ ತುಂಬಾ ದಿನ ರಾತ್ರಿ ಎರಡಕ್ಕೆ ಎಚ್ಚರ ಆಗುತ್ತಿತ್ತು, ಕೈ ತಾನಾಗಿ ದಿಂಬಿನಡಿ ಹೋಗುತ್ತಿತ್ತು. ತೆಗೆದು ನೋಡಿದರೆ ಏನೂ ಇರುತ್ತಿರಲಿಲ್ಲ. ಏನೂ ಇಲ್ಲ ಅಂತ ಗೊತ್ತಾದ ಮೇಲೂ ಇಡುತ್ತಿರಲಿಲ್ಲ, ಯಾರದ್ದೋ ಸ್ಟೇಟಸ್, ಅಲ್ಲಿಂದ ಒಂದು ರೀಲ್ಸ್, ಅಲ್ಲಿಂದ ಇನ್ನೊಂದು, ಹೀಗೆ ಮೂರೂವರೆ ಆಗಿಬಿಡುತ್ತಿತ್ತು. ಬೆಳಿಗ್ಗೆ ತಲೆಭಾರ, ಸಿಟ್ಟು, ಮಕ್ಕಳ ಮೇಲೆ ರೇಗಾಟ.

ಇದನ್ನು ನಾನು ಚಟ ಅಂದುಕೊಂಡು ವರ್ಷಗಟ್ಟಲೆ ನನ್ನನ್ನೇ ಬೈದುಕೊಂಡೆ. ಅದರಿಂದ ಏನೂ ಬದಲಾಗಲಿಲ್ಲ. ಆ ಕಾಲದಲ್ಲಿ ಇದು ಬೇಕಾಗಿತ್ತು, ಬೇಕಿದ್ದ ಕಾರಣ ಹೋಯಿತು, ಅಭ್ಯಾಸ ಉಳಿಯಿತು ಅಂತ ಅರ್ಥ ಆದ ಮೇಲೆ ಬದಲಾಯಿತು. ನಿಮ್ಮದೂ ಹೀಗೇ ಇರಬಹುದು. ಆದ್ದರಿಂದ ಬೈದುಕೊಳ್ಳುವುದನ್ನು ಮೊದಲು ಬಿಡಿ, ಇಲ್ಲಿ ಹೇಳಿದ್ದನ್ನು ಒಂದೊಂದಾಗಿ ಮಾಡಿ ನೋಡಿ.

ಮೊದಲ ಮೂರು ದಿನ ಏನನ್ನೂ ಬಿಡಬೇಡಿ, ಸುಮ್ನೆ ಬರೆದಿಡಿ

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬರೆಯಬೇಡಿ, ಬರೆಯೋಕೆ ಹೋಗಿ ಇನ್ನೆಲ್ಲೋ ಹೋಗಿಬಿಡುತ್ತೀರಿ. ಮೊಬೈಲ್ ಕೈಗೆ ತೆಗೆದುಕೊಂಡಾಗಲೆಲ್ಲ ಒಂದು ಗೆರೆ ಹಾಕಿ, ಪಕ್ಕದಲ್ಲಿ ಎರಡೇ ಮಾತು ಬರೆಯಿರಿ: ಯಾಕೆ ತೆಗೆದೆ, ಇಟ್ಟ ಮೇಲೆ ಹೇಗಿತ್ತು. ಪ್ರತಿ ಸಲವೂ ನೆನಪಾಗುವುದಿಲ್ಲ. ಪರವಾಗಿಲ್ಲ, ಅರ್ಧ ಬರೆದರೂ ಸಾಕು. ಒಟ್ಟು ಎಷ್ಟು ಹೊತ್ತು ಅನ್ನೋದನ್ನು ಮೊಬೈಲೇ ಲೆಕ್ಕ ಇಡುತ್ತೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ಒಳಗೆ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಐಫೋನ್ ಆದರೆ ಸ್ಕ್ರೀನ್ ಟೈಮ್. ಅದನ್ನು ರಾತ್ರಿ ಒಮ್ಮೆ ನೋಡಿ ಬರೆದಿಡಿ.

ನನ್ನ ಪುಟದಲ್ಲಿ ಮೂರು ದಿನಕ್ಕೆ ಸಿಕ್ಕಿದ ಕಾರಣಗಳು ಇವು: ಸುದ್ದಿ ಏನಾದ್ರೂ ಬಂತಾ ಅಂತ, ಅಡುಗೆ ಮಾಡುವಾಗ ಬೇಜಾರಾಗಿ, ಆಫೀಸಿನ ಒಂದು ಫೋನಿಗೆ ಹೆದರಿ ಅದನ್ನು ಮುಂದೂಡಲು, ಅಮ್ಮ ಆನ್‌ಲೈನ್ ಇದ್ದಾರಾ ನೋಡಲು. ಕೊನೆಯದನ್ನು ಬರೆದಾಗ ನನಗೇ ಗಂಟಲು ಕಟ್ಟಿತು. ಅಮ್ಮನ ಹೆಸರಿನ ಕೆಳಗೆ "ಆನ್‌ಲೈನ್" ಅಂತ ಕಂಡರೆ ಅವರು ಚೆನ್ನಾಗಿದ್ದಾರೆ ಅಂತ ಸಮಾಧಾನ. 2020ರಲ್ಲಿ ಊರಿಗೆ ಹೋಗಲಾಗದೆ ಇದ್ದಾಗ ಶುರುವಾಗಿದ್ದು ಅದು. ಈಗ ಊರಿಗೆ ಬಸ್ಸಿದೆ, ಫೋನ್ ಮಾಡಿದರೆ ಅಮ್ಮ ಎತ್ತುತ್ತಾರೆ, ಆದರೂ ನಾನು ಆ ಒಂದು ಪದ ನೋಡಿಕೊಂಡು ಸುಮ್ಮನಾಗುತ್ತಿದ್ದೆ.

ಪ್ರತಿ ಕಾರಣದ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ಯಾವಾಗ ಶುರುವಾಯಿತು, ಆಗ ಇದರಿಂದ ಏನು ಆಗಬೇಕಿತ್ತು? ಪಕ್ಕದ ಮನೆಯ ಅಜ್ಜಿಗೆ ದೇವಸ್ಥಾನ ಮುಚ್ಚಿದ್ದ ಕಾಲದಲ್ಲಿ ಯೂಟ್ಯೂಬಿನ ಮಂಗಳಾರತಿ ಬೇಕಾಗಿತ್ತು. ನನ್ನ ಮಗನಿಗೆ ಪಾಠ ಬರುತ್ತಿದ್ದುದೇ ಮೊಬೈಲಿನಲ್ಲಿ. ಇಂಥದ್ದನ್ನೆಲ್ಲ ಒಂದೇ ಹೆಸರಲ್ಲಿ ಚಟ ಅಂತ ಕರೆದರೆ ಯಾವುದಕ್ಕೂ ಮದ್ದು ಸಿಗಲ್ಲ.

ಬರೆದಿಡುವುದು ಸುಮ್ಮನೆ ಕಾಲಹರಣ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ದರು, 2018ರಲ್ಲಿ ಪ್ರಕಟವಾಯಿತು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನಾಪ್‌ಚಾಟ್ ಮೂರಕ್ಕೂ ದಿನಕ್ಕೆ ತಲಾ 10 ನಿಮಿಷ ಮಾತ್ರ ಕೊಡಬೇಕು. ಇನ್ನೊಂದು ಗುಂಪು ಎಂದಿನಂತೆ ಇರಬಹುದು. ಮೂರು ವಾರ ಆದ ಮೇಲೆ ಕಡಿಮೆ ಮಾಡಿದವರಲ್ಲಿ ಒಂಟಿತನ, ಖಿನ್ನತೆ ಇಳಿದಿತ್ತು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಎರಡೂ ಗುಂಪಿನವರಲ್ಲಿ ಆತಂಕ ಕಡಿಮೆಯಾಗಿತ್ತು. ತಾವು ಎಷ್ಟು ನೋಡುತ್ತಿದ್ದೇವೆ ಅಂತ ಗಮನ ಇಟ್ಟಿದ್ದೇ ಅದಕ್ಕೆ ಕಾರಣ ಇರಬಹುದು ಅಂತ ಸಂಶೋಧಕರು ಬರೆದರು. ಹಾಗಂತ ಮೊಬೈಲಿನಿಂದಲೇ ಖಿನ್ನತೆ ಬರುತ್ತೆ ಅಂತ ನೇರವಾಗಿ ಹೇಳೋಕೆ ಬರಲ್ಲ. ಬೇಜಾರಿನಲ್ಲಿ ಇರುವವರು ಜಾಸ್ತಿ ಮೊಬೈಲ್ ನೋಡುತ್ತಾರೆ, ಜಾಸ್ತಿ ನೋಡಿ ಇನ್ನೂ ಬೇಜಾರಾಗುತ್ತಾರೆ, ಎರಡೂ ಒಂದನ್ನೊಂದು ಎಳೆಯುತ್ತವೆ.

ಯಾಕೆ ನಿಲ್ಲಿಸೋಕೆ ಆಗಲ್ಲ ಅಂತ ತಿಳಿದಿರಲಿ

ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷೇಧ ಆಗಿದ್ದು 2020ರ ಜೂನ್ 29ಕ್ಕೆ. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲೇ ಮೊದಲು ಪ್ರಯೋಗಕ್ಕೆ ಬಂತು. ಅಂದರೆ ನಾವೆಲ್ಲ ಮನೆಯೊಳಗೆ ಕೂತು ಹೆದರಿ, ಬೇಜಾರಾಗಿ ಇದ್ದ ಅದೇ ಹೊತ್ತಿನಲ್ಲಿ ಈ ಕೆಲವೇ ಸೆಕೆಂಡಿನ ವಿಡಿಯೊಗಳು ನಮ್ಮ ಕೈಗೆ ಬಂದವು. ಪೇಪರಿಗೆ ಕೊನೆಯ ಪುಟ ಇದೆ. ಧಾರಾವಾಹಿ ಮುಗಿಯುತ್ತೆ. ರೀಲ್ಸ್‌ಗೆ ಕೊನೆಯೇ ಇಲ್ಲ. ಹತ್ತರಲ್ಲಿ ಎಂಟು ಚೆನ್ನಾಗಿರಲ್ಲ, ಒಂದೆರಡು ತುಂಬಾ ಚೆನ್ನಾಗಿರುತ್ತೆ, ಯಾವುದು ಅಂತ ಮೊದಲೇ ಗೊತ್ತಾಗಲ್ಲ. ಹೀಗೆ ಯಾವಾಗ ಸಿಗುತ್ತೆ ಅಂತ ಗೊತ್ತಿಲ್ಲದ ಬಹುಮಾನವೇ ಪ್ರಾಣಿಗಳನ್ನೂ ಮನುಷ್ಯರನ್ನೂ ಅತಿ ಹೆಚ್ಚು ಕಟ್ಟಿಹಾಕುತ್ತದೆ ಅಂತ ಬಿ.ಎಫ್. ಸ್ಕಿನ್ನರ್ ಅವರಂಥ ಮನಶ್ಶಾಸ್ತ್ರಜ್ಞರು ಎಷ್ಟೋ ದಶಕಗಳ ಹಿಂದೆಯೇ ತೋರಿಸಿದ್ದಾರೆ. ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಅಲ್ಲ.

ಇದಕ್ಕೆ ಮನೋಬಲದ ಮದ್ದು ಹುಡುಕಬೇಡಿ. ಕೊನೆ ಇಲ್ಲದ್ದಕ್ಕೆ ನೀವೇ ಒಂದು ಕೊನೆ ಮಾಡಿ. ನಾನು ಮೂರು ಕೆಲಸ ಮಾಡಿದೆ. ಇನ್‌ಸ್ಟಾಗ್ರಾಂ ಆ್ಯಪ್ ತೆಗೆದು ಬ್ರೌಸರಿನಲ್ಲಿ ನೋಡೋಕೆ ಶುರು ಮಾಡಿದೆ, ನೋಡಿ ಮುಗಿದಾಗ ಲಾಗ್‌ಔಟ್ ಮಾಡಿದರೆ ಪ್ರತಿ ಸಲ ಪಾಸ್‌ವರ್ಡ್ ಹಾಕಬೇಕು, ಅಷ್ಟು ಹೊತ್ತಿಗೆ ಅರ್ಧ ಸಲ ಬೇಡ ಅನ್ನಿಸುತ್ತೆ. ಯೂಟ್ಯೂಬಿನಲ್ಲಿ ವಾಚ್ ಹಿಸ್ಟರಿ ಅಳಿಸಿ, ಆಫ್ ಮಾಡಿದೆ. ಹಾಗೆ ಮಾಡಿದರೆ ಮುಖಪುಟದಲ್ಲಿ ಅದಾಗಿ ಬಡಿಸುವ ವಿಡಿಯೊಗಳು ನಿಂತುಹೋಗುತ್ತವೆ, ಬೇಕಾದ್ದನ್ನು ನೀವೇ ಹುಡುಕಿ ನೋಡಬೇಕು. ಮೂರನೆಯದು, ನೋಡೋಕೆ ಕೂರುವ ಜಾಗ ಬದಲಿಸಿದೆ. ಮಂಚ, ಸೋಫಾ ಬಿಟ್ಟು ಊಟದ ಮೇಜಿನ ಮರದ ಕುರ್ಚಿ. ಮರದ ಕುರ್ಚಿಯಲ್ಲಿ ಒಂದೂವರೆ ಗಂಟೆ ಯಾರೂ ಕೂರಲ್ಲ, ಬೆನ್ನೇ ಏಳಿಸುತ್ತೆ.

ರಾತ್ರಿ

ನೀವು ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನು ಮಾಡಿ. ಉಳಿದದ್ದೆಲ್ಲ ಆಮೇಲೆ.

ಮೊಬೈಲಿನ ಬೆಳಕಿನಿಂದ ನಿದ್ದೆ ಕೆಡುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ, ನಿದ್ದೆಗೆ ಕರೆಯುವ ಮೆಲಟೋನಿನ್ ಹಾರ್ಮೋನು ರಾತ್ರಿ ಬೆಳಕು ಬಿದ್ದರೆ ತಡವಾಗಿ ಏರುತ್ತದೆ. ಅಷ್ಟೇ ಅಂದುಕೊಂಡು ಪರದೆಯನ್ನು ಹಳದಿ ಮಾಡಿಕೊಂಡು ನೋಡುತ್ತಾ ಕೂತರೆ ಪ್ರಯೋಜನ ಇಲ್ಲ. ಜಾಸ್ತಿ ಕೆಡಿಸುವುದು ನಾವು ನೋಡುವ ವಿಷಯ. ಒಂದು ಅಪಘಾತದ ವಿಡಿಯೊ, ಒಂದು ಜಗಳದ ಕಾಮೆಂಟು, ಯಾರದ್ದೋ ಹೊಸ ಮನೆ ಗೃಹಪ್ರವೇಶ. ಎದೆ ಹೊಡೆದುಕೊಳ್ಳುತ್ತೆ, ಮನಸ್ಸು ಉತ್ತರ ಕೊಡೋಕೆ ಶುರು ಮಾಡುತ್ತೆ. ಅದರ ಜೊತೆಗೆ ನಿದ್ದೆ ಮಾಡಬೇಕಿದ್ದ ಹೊತ್ತೇ ಹೋಗಿಬಿಡುತ್ತೆ.

ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗೆ ತನ್ನಿ. ನಮ್ಮ ಮನೆಯಲ್ಲಿ ಅದು ಈಗ ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕದ ಪ್ಲಗ್ಗಿನಲ್ಲಿದೆ. ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಮೊಬೈಲೂ ಅಲ್ಲಿಗೆ ಹೋಗುತ್ತವೆ. ಅಲಾರಾಂಗೆ ಮೊಬೈಲ್ ಬೇಕು ಅನ್ನುತ್ತೀರಾ? ಒಂದು ಟೈಂಪೀಸ್ ಕೊಳ್ಳಿ, ತೀರಾ ದುಬಾರಿ ಏನಲ್ಲ.

"ರಾತ್ರಿ ಊರಿಂದ ಫೋನ್ ಬಂದರೆ?" ಅಂತ ನನ್ನ ಗಂಡ ಕೇಳಿದರು. ಇದು ಸಣ್ಣ ಹೆದರಿಕೆ ಅಲ್ಲ. ಆ ಎರಡು ವರ್ಷ ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿ ರಾತ್ರಿಯೇ ಬಂದಿದೆ. ಅದಕ್ಕೆ ದಾರಿ ಇದೆ. ಡು ನಾಟ್ ಡಿಸ್ಟರ್ಬ್ ಹಾಕಿ, ಅದರೊಳಗೆ ನಾಲ್ಕೈದು ನಂಬರಿಗೆ ಮಾತ್ರ ರಿಂಗ್ ಆಗುವ ಹಾಗೆ ಮಾಡಿ. ಅಪ್ಪ, ಅಮ್ಮ, ಅತ್ತೆ, ಮಾವ, ಹೊರದೇಶದಲ್ಲಿರುವ ಮಗಳು, ಯಾರು ನಿಮಗೆ ಬೇಕೋ ಅವರು. ರಿಂಗ್ ಜೋರಾಗಿಡಿ, ಅಡುಗೆಮನೆಯಿಂದ ಕೇಳಿಸುವಷ್ಟು. ಆಮೇಲೆ ಅವರಿಗೂ ಹೇಳಿ, ರಾತ್ರಿ ಅರ್ಜೆಂಟಿದ್ದರೆ ಮೆಸೇಜ್ ಮಾಡಬೇಡಿ, ಫೋನ್ ಮಾಡಿ ಅಂತ. ಇಷ್ಟು ಮಾಡಿದ ಮೇಲೆಯೇ ನನ್ನ ಗಂಡ ಮೊಬೈಲನ್ನು ಹೊರಗಿಟ್ಟಿದ್ದು.

ಇನ್ನು ಎರಡು ಗಂಟೆಗೆ ಎಚ್ಚರ ಆದರೆ ಏನು ಮಾಡುವುದು? ಎಚ್ಚರ ಆಗೇ ಆಗುತ್ತೆ, ಮೊದಲ ವಾರವಂತೂ ಖಂಡಿತ. ಗಡಿಯಾರ ನೋಡಬೇಡಿ, ಇನ್ನು ಎಷ್ಟು ಗಂಟೆ ಉಳಿದಿದೆ ಅಂತ ಲೆಕ್ಕ ಹಾಕುವುದೇ ಒಂದು ಕೆಲಸ ಆಗುತ್ತೆ. ಕಣ್ಣುಮುಚ್ಚಿ ಸ್ವಲ್ಪ ಹೊತ್ತು ಮಲಗಿರಿ. ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಲ್ಲಿ ಕೂತು ಏನಾದರೂ ಸಪ್ಪೆ ಕೆಲಸ ಮಾಡಿ. ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಕಣ್ಣು ಎಳೆದಾಗ ವಾಪಸ್ ಹೋಗಿ ಮಲಗಿ. ಮಂಚ ಅಂದರೆ ನಿದ್ದೆ ಅಂತ ದೇಹಕ್ಕೆ ಮತ್ತೆ ಕಲಿಸಬೇಕು. ಎಷ್ಟೇ ಕಡಿಮೆ ನಿದ್ದೆ ಆಗಿದ್ದರೂ ಬೆಳಿಗ್ಗೆ ಎಂದಿನ ಹೊತ್ತಿಗೇ ಏಳಿ, ಮಧ್ಯಾಹ್ನ ಗಂಟೆಗಟ್ಟಲೆ ಮಲಗಬೇಡಿ, ನಾಲ್ಕು ಗಂಟೆಯ ಮೇಲೆ ಕಾಫಿ ಬಿಡಿ.

ಮೊದಲ ನಾಲ್ಕೈದು ರಾತ್ರಿ ಹಿಂಸೆ. ಇದನ್ನು ಮುಚ್ಚಿಡುವುದಿಲ್ಲ. ನನಗೆ ಮಲಗಿದಲ್ಲೇ ಆಸ್ಪತ್ರೆಯ ಗೇಟು, ಆಂಬುಲೆನ್ಸಿನ ಸದ್ದು ಎಲ್ಲ ನೆನಪಾಯಿತು. ಇಷ್ಟು ದಿನ ರೀಲ್ಸ್ ಅದನ್ನೇ ಮುಚ್ಚಿಟ್ಟಿತ್ತು ಅಂತ ಆಗ ಗೊತ್ತಾಯಿತು. ಆ ವಾರ ಅದನ್ನು ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಮೂರನೇ ವಾರದ ಹೊತ್ತಿಗೆ ರಾತ್ರಿ ಎಚ್ಚರ ಆದರೂ ಮತ್ತೆ ನಿದ್ದೆ ಹತ್ತುತ್ತಿತ್ತು.

ಮೈಗೆ ಏನೋ ಆಗಿದೆ ಅಂತ ಮೊಬೈಲಿಗೆ ಕೇಳುವುದು

ಇದೂ ಆ ಕಾಲದಲ್ಲೇ ಅಂಟಿದ್ದು. ಒಂದು ಸಲ ಕೆಮ್ಮಿದರೆ ಹುಡುಕಾಟ, ಎದೆ ಹಿಡಿದರೆ ಹುಡುಕಾಟ. ಒಂದು ಸಲ ಎದೆನೋವಿನ ವಿಡಿಯೊ ನೋಡಿದರೆ ಆಮೇಲೆ ಹದಿನೈದು ದಿನ ಅಂಥದ್ದೇ ಬರುತ್ತೆ, "ಈ ಐದು ಲಕ್ಷಣ ಇದ್ದರೆ ಎಚ್ಚರ" ಅಂತ. ಮಾಹಿತಿಯೇ ಸಾಂಕ್ರಾಮಿಕದ ಥರ ಹರಡುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರ ಶುರುವಿನಲ್ಲೇ ಇನ್ಫೋಡೆಮಿಕ್ ಅಂತ ಕರೆದಿತ್ತು. ಹೆದರಿಕೆ ಹುಟ್ಟಿಸುವ ಸುದ್ದಿಯನ್ನು ಕಡಿಮೆ ನೋಡಿ, ದಿನಕ್ಕೆ ಒಂದೆರಡು ಸಲ ಗೊತ್ತಾದ ಹೊತ್ತಿಗೆ ಮಾತ್ರ ತಿಳಿದುಕೊಳ್ಳಿ ಅಂತ ಅದೇ ವರ್ಷ ಮಾರ್ಚಿನಲ್ಲಿ ಹೇಳಿತ್ತು. ಆ ಸಲಹೆ ಇವತ್ತಿಗೂ ಸರಿ. ನಾನು ಬೆಳಿಗ್ಗೆ ಪೇಪರು, ಸಂಜೆ ರೇಡಿಯೊ ವಾರ್ತೆ, ಇಷ್ಟಕ್ಕೆ ನಿಲ್ಲಿಸಿದ್ದೇನೆ.

ಮೈ ವಿಷಯಕ್ಕೆ ಹೀಗೆ ಮಾಡಿ. ಹುಡುಕಬೇಕು ಅನ್ನಿಸಿದ್ದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ: ಏನು, ಯಾವಾಗಿನಿಂದ, ಏನು ಮಾಡಿದರೆ ಜಾಸ್ತಿ. ಡಾಕ್ಟರ ಹತ್ತಿರ ಹೋಗುವಾಗ ಆ ಪುಟ ತೆಗೆದುಕೊಂಡು ಹೋಗಿ. ಎದೆಯಲ್ಲಿ ಒತ್ತಿದ ಹಾಗೆ ನೋವು, ಉಸಿರು ಸಿಗದಿರುವುದು, ಮುಖ ಅಥವಾ ಒಂದು ಕಡೆಯ ಕೈಕಾಲು ಸೋಲುವುದು, ಇಂಥದ್ದಾದರೆ ಬರೆಯುತ್ತಾ ಕೂರಬೇಡಿ, ಹುಡುಕುತ್ತಲೂ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು ಹೇಳಲೇಬೇಕು. ಸದಾ ಸುಸ್ತು, ಮರೆವು, ಮನಸ್ಸು ನಿಲ್ಲದಿರುವುದು ಎಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟಬೇಡಿ. ಕೋವಿಡ್ ಬಂದು ಹೋದ ಕೆಲವರಿಗೆ ಮೂರು ತಿಂಗಳ ಹೊತ್ತಿಗೆ ಇಂಥ ತೊಂದರೆ ಕಾಣಿಸಿಕೊಂಡು ತಿಂಗಳುಗಟ್ಟಲೆ ಉಳಿಯುತ್ತೆ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ, ಬಿ12 ಕಡಿಮೆ ಇದ್ದರೂ, ಸಕ್ಕರೆ ಕಾಯಿಲೆ ಶುರುವಾಗಿದ್ದರೂ ಹೀಗೇ ಆಗುತ್ತೆ. ನನ್ನ ಓರಗಿತ್ತಿ ಒಂದು ವರ್ಷ "ಎಲ್ಲಾ ಈ ಮೊಬೈಲಿಂದ" ಅಂತ ಸುಮ್ಮನಿದ್ದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಬರೀ 7.8 ಇತ್ತು.

ಮನಸ್ಸಿನ ಭಾರಕ್ಕೂ ಇದೇ ಮಾತು. ಕೋವಿಡ್‌ನ ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಹೆಚ್ಚಾಗಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎರಡು ವಾರ ಆದರೂ ಯಾವುದರಲ್ಲೂ ಆಸೆ ಬರದಿದ್ದರೆ, ಊಟ ನಿದ್ದೆ ಎರಡೂ ಕೆಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಆ್ಯಪ್ ತೆಗೆದು ಸರಿಹೋಗುವ ಸಂಗತಿ ಅಲ್ಲ ಅದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲ್, ಗೇಮು ಬಿಡೋಕೆ ಆಗುತ್ತಲೇ ಇಲ್ಲ, ಓದು, ಕೆಲಸ ಹಾಳಾಗುತ್ತಿದೆ ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಅಂತ ಪ್ರತ್ಯೇಕ ವಿಭಾಗವೇ ಇದೆ.

ಕಣ್ಣು, ಕತ್ತು, ಹೆಬ್ಬೆರಳು

ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ತುಂಬಾ ಕಡಿಮೆ. ಅದಕ್ಕೇ ಉರಿ, ಮರಳು ಬಿದ್ದ ಹಾಗೆ ಆಗುವುದು. 20 ನಿಮಿಷಕ್ಕೊಮ್ಮೆ 20 ಅಡಿ ಆಚೆ ಇರುವುದನ್ನು 20 ಸೆಕೆಂಡು ನೋಡಿ, ಬೇಕಂತಲೇ ಹತ್ತು ಸಲ ಕಣ್ಣು ಮುಚ್ಚಿ ತೆರೆಯಿರಿ. ನಮ್ಮ ತಲೆ ಸುಮಾರು 5 ಕೆಜಿ. 60 ಡಿಗ್ರಿ ಬಗ್ಗಿಸಿ ಮೊಬೈಲ್ ನೋಡಿದರೆ ಕತ್ತಿನ ಮೇಲೆ ಸುಮಾರು 27 ಕೆಜಿ ಭಾರ ಬೀಳುತ್ತೆ ಅಂತ ನ್ಯೂಯಾರ್ಕಿನ ಒಬ್ಬ ಬೆನ್ನುಮೂಳೆ ಸರ್ಜನ್ 2014ರಲ್ಲಿ ಲೆಕ್ಕ ಹಾಕಿದ್ದರು. ಮೊಬೈಲನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಕೈ ಬೇಗ ಸೋಲುತ್ತೆ, ಸೋತಾಗ ಇಡಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವಿದ್ದರೆ ಎರಡು ವಾರ ಆ ಕೈಯಲ್ಲಿ ಸ್ಕ್ರೋಲ್ ಮಾಡಬೇಡಿ. ಆಗಲೂ ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಮಕ್ಕಳಿಗೆ ನಾವೇ ಕೊಟ್ಟಿದ್ದು

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ನನ್ನ ಮಗ ಒಂದನೇ ಕ್ಲಾಸು. ಅವನಿಗೆ ಮೊಬೈಲ್ ಕೊಟ್ಟು "ಇದರಲ್ಲೇ ಟೀಚರ್ ಬರ್ತಾರೆ" ಅಂದವಳು ನಾನೇ. ಸಾಲ ಮಾಡಿ ಮೊಬೈಲ್ ಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಕೊಟ್ಟವರು ನಾವು, ಈಗ "ಸದಾ ಮೊಬೈಲು" ಅಂತ ಬೈಯುವವರೂ ನಾವು. ಮಕ್ಕಳಿಗೆ ಇದು ಅನ್ಯಾಯ ಅನ್ನಿಸುತ್ತೆ, ನಿಜವಾಗಿಯೂ ಅನ್ಯಾಯವೇ. ಆದ್ದರಿಂದ ಮೊದಲು ಅದನ್ನು ಅವರ ಮುಂದೆ ಒಪ್ಪಿಕೊಳ್ಳಿ: "ಆಗ ಬೇರೆ ದಾರಿ ಇರಲಿಲ್ಲ ಕಂದ, ಈಗ ನಾವೆಲ್ಲ ಸೇರಿ ಕಮ್ಮಿ ಮಾಡೋಣ."

ನಾವೆಲ್ಲ ಅನ್ನೋದು ಮುಖ್ಯ. ನಮ್ಮ ಬೆಳಗಾವಿ, ವಿಜಯಪುರಕ್ಕೆ ತಾಗಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ. ಆನ್‌ಲೈನ್ ಪಾಠ ಮುಗಿದು ಶಾಲೆ ತೆರೆದ ಮೇಲೂ ಮಕ್ಕಳು ಮೊಬೈಲ್ ಬಿಡುತ್ತಿಲ್ಲ ಅಂತ 2022ರಲ್ಲಿ ಆ ಊರು ಒಂದು ತೀರ್ಮಾನ ಮಾಡಿತು. ಸಂಜೆ 7ಕ್ಕೆ ಸೈರನ್ ಕೂಗುತ್ತೆ, ಊರಿನ ಎಲ್ಲರೂ ಮೊಬೈಲ್, ಟಿವಿ ಆರಿಸಬೇಕು. ಒಂದೂವರೆ ಗಂಟೆ. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಸೈರನ್ ಕೂಗುವುದು ಮಕ್ಕಳಿಗೆ ಮಾತ್ರ ಅಲ್ಲ, ಅದಕ್ಕೇ ನನಗೆ ಈ ಊರು ಇಷ್ಟ. ನಿಮ್ಮ ಮನೆಯಲ್ಲಿ ಸೈರನ್ ಬೇಡ, ದೇವರ ದೀಪ ಹಚ್ಚುವ ಹೊತ್ತೇ ಸಾಕು. ದೀಪ ಹಚ್ಚಿದಾಗಿನಿಂದ ಊಟ ಮುಗಿಯುವ ತನಕ ಎಲ್ಲರ ಮೊಬೈಲೂ ಒಂದೇ ತಟ್ಟೆಯಲ್ಲಿ. ಅಪ್ಪನದ್ದು ಆಫೀಸ್ ಕೆಲಸ ಅಂತ ಬಿಟ್ಟರೆ ಅವತ್ತಿಗೇ ಅದು ಮುಗಿಯಿತು.

ಪುಟ್ಟ ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ ಸ್ಪಷ್ಟ: ಎರಡು ವರ್ಷ ತುಂಬುವ ತನಕ ಪರದೆಯೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಊಟ ಮಾಡಿಸುವಾಗ ವಿಡಿಯೊ ಹಾಕುವ ತಾಯಂದಿರನ್ನು ನಾನು ಬೈಯಲ್ಲ, ಅವರ ಸುಸ್ತು ನನಗೆ ಗೊತ್ತು. ಒಂದು ಹೊತ್ತಿನ ಊಟದಿಂದ ಶುರು ಮಾಡಿ, ಅಷ್ಟೇ. ಹದಿಹರೆಯದವರಲ್ಲಿ ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿ ಇರುವವರಿಗೆ ಆತಂಕ, ಖಿನ್ನತೆಯಂಥ ತೊಂದರೆಯ ಅಪಾಯ ಎರಡು ಪಟ್ಟು ಅಂತ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು) 2023ರ ಎಚ್ಚರಿಕೆಯಲ್ಲಿ ಬರೆದಿದ್ದರು. ನಿಮ್ಮ ಮಗಳು ಎಷ್ಟು ಹೊತ್ತು ನೋಡುತ್ತಾಳೆ ಅಂತ ಕೇಳುವ ಜೊತೆಗೆ, ನೋಡಿದ ಮೇಲೆ ಹೇಗಿರುತ್ತಾಳೆ ಅಂತ ಗಮನಿಸಿ. ಇಟ್ಟ ಕೂಡಲೇ ಕನ್ನಡಿ ಮುಂದೆ ಹೋಗಿ ನಿಲ್ಲುತ್ತಾಳಾ, ಸಪ್ಪಗಾಗುತ್ತಾಳಾ, ಅದು ಗಂಟೆಗಿಂತ ಹೆಚ್ಚು ಹೇಳುತ್ತೆ.

ಮನೆಯವರ ಗ್ರೂಪು

ಇದನ್ನು ಕೊನೆಗೆ ಇಟ್ಟುಕೊಂಡಿದ್ದು ಇದೇ ಕಷ್ಟ ಅನ್ನೋ ಕಾರಣಕ್ಕೆ. ಬೇರೆ ಆ್ಯಪ್ ತೆಗೆಯಬಹುದು, ವಾಟ್ಸಾಪ್ ಬಿಟ್ಟು ಇರೋಕಾಗಲ್ಲ ಅಲ್ವಾ.

ನಾನು ಮಾಡಿದ್ದು ಇಷ್ಟು. ಎಲ್ಲ ಗ್ರೂಪುಗಳನ್ನೂ "ಆಲ್ವೇಸ್" ಅಂತ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿದೆ. ಗ್ರೂಪಿನಿಂದ ಹೊರಗೆ ಹೋದರೆ ಮನೆಯಲ್ಲಿ ಮಾತು ಬರುತ್ತೆ, ಮ್ಯೂಟ್ ಮಾಡಿದ್ದು ಯಾರಿಗೂ ಗೊತ್ತಾಗಲ್ಲ. ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದೆ. ಸಂಜೆ ಆರಕ್ಕೆ ಒಂದು ಸಲ ತೆಗೆದು ಎಲ್ಲ ನೋಡುತ್ತೇನೆ, ಉತ್ತರ ಕೊಡಬೇಕಾದವರಿಗೆ ಕೊಡುತ್ತೇನೆ.

ದೊಡ್ಡವರ ಫಾರ್ವರ್ಡ್ ವಿಷಯಕ್ಕೆ ತಾಳ್ಮೆ ಬೇಕು. ನಮ್ಮ ಅತ್ತೆ ದಿನಾ ಒಂದು ಮನೆಮದ್ದು ಕಳಿಸುತ್ತಿದ್ದರು, ಒಂದು ಸಲ ಬಿಪಿ ಮಾತ್ರೆ ಬಿಟ್ಟು ಯಾವುದೋ ಕಷಾಯ ಕುಡಿಯಿರಿ ಅನ್ನುವುದೂ ಬಂತು. ಗ್ರೂಪಿನಲ್ಲಿ ಎಲ್ಲರ ಮುಂದೆ "ಇದು ಸುಳ್ಳು" ಅಂತ ಹಾಕಬೇಡಿ, ಅವರ ಮರ್ಯಾದೆ ಹೋಗುತ್ತೆ, ಆಮೇಲೆ ನಿಮ್ಮ ಯಾವ ಮಾತನ್ನೂ ಕೇಳಲ್ಲ. ನಾನು ಫೋನ್ ಮಾಡಿದೆ. "ಅತ್ತೆ, ಆ ಕಷಾಯದ ಮೆಸೇಜು ನಿಮಗೆ ಯಾರು ಕಳಿಸಿದ್ದು? ಅದರ ಮೇಲೆ ಎರಡು ಬಾಣದ ಗುರುತು ಇತ್ತಲ್ಲ, ಅದು ಯಾರ‍್ಯಾರೋ ದಾಟಿ ಬಂದಿದ್ದು ಅಂತ ಅರ್ಥ. ಬರೆದವರು ಯಾರು ಅಂತ ಅವರಿಗೂ ಗೊತ್ತಿರಲ್ಲ. ನೀವು ಮಾತ್ರೆ ಬಿಟ್ಟಿಲ್ಲ ತಾನೇ?" ಅಂದೆ. ಬಿಟ್ಟಿರಲಿಲ್ಲ. ಅಂಥ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸಲು ಆಗುವ ಹಾಗೆ ವಾಟ್ಸಾಪ್ 2020ರ ಏಪ್ರಿಲ್‌ನಲ್ಲೇ ಮಾಡಿದೆ. ಅದನ್ನೂ ಹೇಳಿದೆ. ಈಗ ಅತ್ತೆ ಎರಡು ಬಾಣ ಕಂಡರೆ ಮೊದಲು ನನಗೆ ತೋರಿಸುತ್ತಾರೆ.

ಬೆಳಗಿನ ಶುಭೋದಯದ ಹೂವಿನ ಚಿತ್ರಗಳನ್ನು ಮಾತ್ರ ಹಗುರವಾಗಿ ನೋಡಬೇಡಿ. ಒಂಟಿಯಾಗಿರುವ ಹಿರಿಯರಿಗೆ ಅದು ಹಾಜರಿ. ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ ಅಂತ ಹೇಳುವುದನ್ನು ಅವರು ಆ ಎರಡು ವರ್ಷದಲ್ಲಿ ಹಾಗೆ ಕಲಿತರು. ಅದನ್ನು ನಿಲ್ಲಿಸಿ ಅನ್ನುವ ಮೊದಲು ಆ ಜಾಗಕ್ಕೆ ಇನ್ನೊಂದನ್ನು ಕೊಡಿ. ಅಮ್ಮನ ಹೆಸರಿನ ಕೆಳಗೆ ಆನ್‌ಲೈನ್ ಅಂತ ಇದೆಯಾ ನೋಡುವುದನ್ನು ಬಿಟ್ಟು ನಾನು ದಿನಾ ಬೆಳಿಗ್ಗೆ ಏಳೂ ಕಾಲಿಗೆ ಫೋನ್ ಮಾಡುತ್ತೇನೆ. ಮೂರು ನಿಮಿಷ ಅಷ್ಟೇ. ತಿಂಡಿ ಏನು, ಮಂಡಿನೋವು ಹೇಗಿದೆ, ಹಸು ಕರೆಯೋಕೆ ಯಾರು ಬಂದರು. ದಿನದಲ್ಲಿ ಹತ್ತು ಹನ್ನೆರಡು ಸಲ ಮೊಬೈಲ್ ತೆಗೆಯುವುದು ಇದೊಂದರಿಂದಲೇ ನಿಂತಿತು.

ಇನ್ನೊಂದು ಕೆಲಸ ಮಾಡಿ. ಆ ಕಾಲದಲ್ಲಿ ಮಾಡಿಕೊಂಡ ಹಳೇ ಗ್ರೂಪುಗಳನ್ನು ಹುಡುಕಿ ನೋಡಿ. ನಮ್ಮ "ಚಿಕ್ಕಪ್ಪ ಬೆಡ್" ಹಾಗೇ ಇತ್ತು. ಚಿಕ್ಕಪ್ಪ ಹುಷಾರಾದ ಮೇಲೆ ಅವರನ್ನೂ ಅದಕ್ಕೇ ಸೇರಿಸಿದ್ದೆವು, ಮದುವೆ, ನಾಮಕರಣದ ಫೋಟೊ ಎಲ್ಲ ಅದರಲ್ಲೇ ಬರುತ್ತಿತ್ತು. ಪ್ರತಿ ಸಲ ಮೊಬೈಲ್ ಮೇಲೆ ಆ ಹೆಸರು ಮೂಡಿದಾಗ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗೆ ಆಗುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಹೋದ ದೀಪಾವಳಿಗೆ ಎಲ್ಲರೂ ಸೇರಿದ್ದಾಗ ಇದನ್ನು ಹೇಳಿದೆ. ತಮ್ಮನೂ ತನಗೆ ಹಾಗೇ ಆಗುತ್ತೆ ಅಂದ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಅಷ್ಟೇ ಕಣಮ್ಮ, ಹೇಳೋಕೆ ಆಗಿರಲಿಲ್ಲ. ಆ ಹೆಸರು ತೆಗೆದುಬಿಡು" ಅಂದರು. ಅಲ್ಲೇ ಕೂತು ಗ್ರೂಪಿಗೆ ಮನೆಯ ಹೆಸರಿಟ್ಟೆವು.